ಲಿವರ್ ಇತ್ತು, ಶಾಫ್ಟ್ ಇರ್ಲಿಲ್ಲ

ಕಾರಟಗಿ

ಚಿ. ಅಳಿಯನಿಗೆ ನಿಮ್ಮ ಮಾವ ಮಾಡುವ ಆಶೀರ್ವಾದಗಳು.

ಮಳಿ, ಭತ್ತ, ನಿಮ್ಮತ್ತಿ ಮೊಣಕಾಲು, ಎಲ್ಲಾ ನನ್ನ ತಂಗಿ, ನಿಮ್ಮವ್ವ, ಫೋನಿನ್ಯಾಗ ಹೇಳೇ ಇರ್ತಾಳ. ಅದನ್ನ ಮತ್ತ ಬರಿಯೂದಿಲ್ಲ.

ಅವ್ವನ್ನ ಕೂಡಿಸ್ಕೊಂಡು ಲಡಾಖಿನ ಲೇಹ್‌ಗೆ ಹೋಗಾಕ ಯಾವ ಗಾಡಿ ತಗೊಳ್ಲಿ ಅಂತ ಕೇಳಿದ ನಿನ್ನ ಪತ್ರ ಮೂರು ಸಲ ಓದಿದೆ. ಎರಡು ಪುಟ ತುಂಬ ಗಾಡಿ ಹೆಸರು, ಸಿಸಿ, ರೇಟು. ಅದನ್ನೆಲ್ಲ ದಾಟಿ ಕಡೀಕ ಬಂದ್ರ ಮೂಲ್ಯಾಗ ಸಣ್ಣ ಅಕ್ಷರದಾಗ ಒಂದು ಸಾಲು: "ಮಾವ, ಅವ್ವ ಜೋಡಿ ಇರ್ತಾಳ. ಯಾರೂ ಇಲ್ಲದ ಕಡಿ ಗಾಡಿ ನಿಂತುಬಿಟ್ರ?" ಅದು ಕಾಲಾಗ ಜಾಲಿ ಮುಳ್ಳು ಮುರದಂಗ ಕುಂತೈತಿ. ನಿನ್ನೆ ರಾತ್ರಿ ನಿದ್ದಿ ಬರ್ಲಿಲ್ಲ.

ನಿಂತ್ರ? ನಿಲ್ತೈತಿ, ಅಳಿಯ. ನಿಲ್ಲದ ಗಾಡಿ ನಾನು ನೋಡಿಲ್ಲ. ನಿಂತಾಗ ಬಾನೆಟ್ ಎತ್ತಿದವಗ ಒಳಗೇನೈತಿ ಅನ್ನೋದು ಕಣ್ಣಿಗೆ ಕಾಣಬೇಕು, ನನಗ ತಿಳಿದದ್ದು ಅಷ್ಟ. ಅದಕ್ಕ ಮೊದಲು ಮಾರುತಿ ಜಿಪ್ಸಿ ನೆನಪಾತು. 1985ರಾಗ ಬಂದ ಗಾಡಿ, ಹಗುರ, ಮುಂದ ಹಿಂದ ಕಮಾನ್ ಪಟ್ಟಿ, ಹಳ್ಳಿ ಮೆಕ್ಯಾನಿಕ್ಕೂ ಬಿಚ್ಚಿ ಕೂಡಸ್ತಾನ. ಆದ್ರ ಈಗ ಹೊಸದು ಸಿಗೂದಿಲ್ಲ. ಪೆಟ್ರೋಲಿಗೆ ಗಾಳಿ ಬೆರಸೋ ಕಾರ್ಬುರೇಟರ್ ಇದ್ದ ಹಳೇದು ತಗೊಂಡ್ರ ಎತ್ತರಕ್ಕ ಏರಿದಂಗ ಗಾಳಿ ಸಾಲದ ಕರಿ ಹೊಗಿ ಬಿಡ್ತೈತಿ, ದಮ್ಮು ಕಟ್ತೈತಿ. ನೀವು ಹೊಂಟಿರೋ ಲೇಹ್ ದಾರ್ಯಾಗ ತಂಗ್ಲಂಗ್ ಲಾ ಘಾಟು 17,000 ಅಡಿ ಮೀರ್ತೈತಿ. ಮ್ಯಾಲೆ ನಿಮ್ಮವ್ವನ ಸೊಂಟ. ಕಮಾನ್ ಪಟ್ಟಿ ಮ್ಯಾಲೆ ಆಕೀನ್ನ ಅಷ್ಟು ದೂರ ಕುಣಿಸಬ್ಯಾಡ.

ಆಕೀನ್ನ ನಾನು ಒಮ್ಮೆ ಕುಣಿಸೀನಿ. 1991ರಾಗ ರಾಯಚೂರಿನ ಟೀಚರ್ ಇಂಟರ್‌ವ್ಯೂ ತಪ್ಪಿದ ಕಥಿ ನೀನೂ ಕೇಳಿದ್ದಿ. ಕೊಪ್ಪಳ ಜಿಲ್ಲಾ ಆಗಾಕ ಇನ್ನೂ ಆರು ವರ್ಷ ಇತ್ತು, ಎಲ್ಲಕ್ಕೂ ರಾಯಚೂರಿಗೇ ಓಡಬೇಕಿತ್ತು. ಮಳಿ ಬಂತು, ಜೀಪ್ ಹೂತಿತು, ಹಣಿಬರಹ ಅಂತ ಮನ್ಯಾಗ ಎಲ್ಲಾರೂ ಅಂತಾರ. ಯಾರಿಗೂ ಗೊತ್ತಿಲ್ಲದ ಮಾತು ನಿನಗ ಹೇಳ್ತೀನಿ.

ಮಿಲಿಟ್ರಿ ಡಿಸ್ಪೋಸಲ್ ಜೀಪ್ ಅದು, ಡೀಸೆಲ್ ಇಂಜಿನ್ ಕೂಡಿಸಿದ್ದೆ. ತುಂಗಭದ್ರಾ ಎಡದಂಡಿ ಕಾಲುವಿ ಮ್ಯಾಲಿನ ದಾರಿ ಹಿಡದ್ರ ಜಲ್ದಿ ಆಗ್ತೈತಿ ಅಂತ ಡಾಂಬರ್ ಬಿಟ್ಟು ಇಳಿಸಾಕ ಹೋದೆ. ರಾತ್ರಿಯೆಲ್ಲ ಮಳಿ ಹೊಡದಿತ್ತು. ನಿಮ್ಮವ್ವ ಹೊರಗ ನೋಡಿ, "ಅಣ್ಣಾ, ಇದು ಫೋರ್ ವೀಲ್ ಐತಲ್ಲ?" ಅಂದ್ಲು. "ಐತಿ, ಕೂಡ್ರು" ಅಂದೆ.

ಇರ್ಲಿಲ್ಲ. ಫೋರ್ ವೀಲ್ ಅಂದ್ರ ಇಂಜಿನ್ ನಾಕೂ ಗಾಲೀನ್ನ ತಿರುಗಿಸೋದು, ಮುಂದಿನ ಗಾಲಿಗೆ ಆ ಶಕ್ತಿ ಒಯ್ಯೋದು ಮುಂದಿನ ಶಾಫ್ಟು. ಮೂರು ತಿಂಗಳ ಹಿಂದ ಆ ಶಾಫ್ಟಿನ ಕ್ರಾಸ್, ಅಂದ್ರ ಅದರ ಕೀಲು, ಸವದು ಕಟಕಟ ಅಂತಿತ್ತು. ಹೊಸ ಕ್ರಾಸ್ ಹಾಕಿಸೋ ಬದ್ಲಿ ಶಾಫ್ಟನ್ನ ಬಿಚ್ಚಿ ಕೊಟ್ಟಿಗ್ಯಾಗ ಒಗದಿದ್ದೆ. ಡೀಸೆಲ್ಲೂ ಉಳೀತೈತಿ ಅಂತ ಯಾರೋ ಹೇಳಿದ್ರು. ನಾಕೂ ಗಾಲಿ ಹಾಕೋ ಲಿವರ್ ಇತ್ತು, ಎಳದ್ರ ಖಟ್ ಅಂತ ಸಪ್ಪಳಾನೂ ಬರ್ತಿತ್ತು. ಮುಂದಿನ ಗಾಲಿಗೆ ಮಾತ್ರ ಏನೂ ಹೋಗ್ತಿರ್ಲಿಲ್ಲ.

ಎರಿ ಮಣ್ಣು ನಿನಗ ಗೊತ್ತು. ಟೈರಿಗೆ ಮೆತ್ತಿತು, ಮಡ್‌ಗಾರ್ಡ್ ತುಂಬಿತು, ಆಮ್ಯಾಲೆ ಗಾಲೀನ್ನ ತಿರುಗದಂಗ ಕಚ್ಚಿ ಹಿಡೀತು. ಜಾಲಿ ಕಂಟಿ ಕಡದು ಹಾಕಿದೆ. ನಾಕೈದು ಸಲ ಆ ಲಿವರ್ ಎಳದೆ, ಆಕಿ ನೋಡ್ಲಿ ಅಂತ. ಕೆಲಸಕ್ಕ ಬರೂದಿಲ್ಲ ಅಂತ ಗೊತ್ತಿದ್ದೂ ಎಳದೆ. ಆಕಿ ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕ್‌ನಾಗ ಸರ್ಟಿಫಿಕೇಟ್ ಸುತ್ತಿ ಉಡ್ಯಾಗ ಹಿಡ್ಕೊಂಡು ಕುಂತಿದ್ಲು. ಹತ್ತಕ್ಕ ಇಂಟರ್‌ವ್ಯೂ. ಟ್ರ್ಯಾಕ್ಟರ್‌ನವ ಸರಪಳಿ ಹಾಕಿ ಎಳಿಯೋದ್ರಾಗ ಹನ್ನೊಂದೂವರಿ.

ಈಗ ನೀನು ಅದ ಆಕೀನ್ನ ಕೂಡಿಸ್ಕೊಂಡು ಹೊಂಟೀನಿ, ನಿಂತ್ರ ಹೆಂಗ ಅಂತೀಯಲ್ಲ. ನಾನು ಯಾವ ಬಾಯಿಲೆ ಬುದ್ಧಿ ಹೇಳ್ಲಿ?

ಕೇಳಿದ್ದಿ ಅಂತ ಹೇಳ್ತೀನಿ, ಹಿಡಿಸಿದ್ರ ತಗೋ. ಮಹೀಂದ್ರಾ ಥಾರ್ ಅಂದ್ರ ಎಲ್ಲಾ ಫೋರ್ ವೀಲ್ ಅಲ್ಲ. 2023ರಿಂದ ಹಿಂದಿನ ಗಾಲಿ ಅಷ್ಟ ಎಳಿಯೋದೂ ಬರ್ತೈತಿ, ಹೊರಗ ನೋಡಾಕ ಅಣ್ಣತಮ್ಮ ಇದ್ದಂಗ. ಸೆಕೆಂಡ್ ಹ್ಯಾಂಡ್ ನೋಡಾಕ ಹೋದ್ರ ಮಾತು ನಂಬಬ್ಯಾಡ, ಅಂಗಾತ ಮಲಗಿ ಕೆಳಗ ನೋಡು. ಮುಂದಕ್ಕೊಂದು ಹಿಂದಕ್ಕೊಂದು ಶಾಫ್ಟ್ ಇರಬೇಕು. ಕೈಲೆ ಹಿಡದು ಅಲ್ಲಾಡಿಸು, ಕ್ರಾಸ್ ಸಡಿಲ ಇದ್ರ ಅಲ್ಲೇ ಗೊತ್ತಾಗ್ತೈತಿ.

ನನ್ನ ಮನಸ್ಸು ಮಾರುತಿ ಜಿಮ್ನಿ ಕಡಿ ಐತಿ. ಪೆಟ್ರೋಲ್, ಗಟ್ಟಿ ಚಾಸಿ, ಎರಡೂ ಕಡಿ ಇಡೀ ಆಕ್ಸಲ್, ಗುಂಡಿ ಒತ್ತೂದಿಲ್ಲ, ಕೈಲೆ ಎಳಿಯೋ ಲಿವರ್. ಪೆಟ್ರೋಲ್ ಅಳದು ಬಿಡೋ ಇಂಜೆಕ್ಷನ್ ಇರೋದ್ರಿಂದ ಎತ್ತರದಾಗ ಶಕ್ತಿ ಕಡಿಮಿ ಆದ್ರೂ ಪೆಟ್ರೋಲ್ ಲೆಕ್ಕ ತಾನ ಸರಿ ಮಾಡ್ಕೊಂತೈತಿ. ಟ್ಯಾಂಕ್ ಮಾತ್ರ ಸಣ್ಣದು, 40 ಲೀಟರ್. ಲೇಹ್ ದಾರ್ಯಾಗಿನ ತಾಂಡಿ ಊರಿನ ಪೆಟ್ರೋಲ್ ಪಂಪಿನ ಬೋರ್ಡಿನ ಫೋಟೋ ನೀನ ಕಳಿಸಿದ್ದಿ, ಮುಂದಿನ ಪಂಪ್ 365 ಕಿ.ಮೀ. ಅಂತ. ಲೀಟರಿಗೆ 12 ಹಿಡದ್ರ 480 ಬಂತು. ಆದ್ರ ನಡುವ ರಸ್ತಾ ಬಂದ್ ಆಗಿ ತಿರುಗಿ ಬರೂದಾದ್ರ? ನೋಡು, ನನಗೂ ಹತ್ತಿತು ನಿನ್ನ ರೋಗ. ಒಂದು ಕ್ಯಾನ್ ಪೆಟ್ರೋಲ್ ಜೋಡಿ ಇರ್ಲಿ. ಡೀಸೆಲ್ ಥಾರ್ ಆದ್ರ 57 ಲೀಟರ್ ಹಿಡೀತೈತಿ, ಆ ಚಿಂತಿ ಕಡಿಮಿ. ಫೋರ್ಸ್ ಗೂರ್ಖಾಕ್ಕ ಎರಡೂ ಆಕ್ಸಲ್ಲಿಗೆ, ಎರಡು ಬದಿ ಗಾಲಿ ಜೋಡಿಲೆ ತಿರುಗೋಹಂಗ, ಲಾಕ್ ಐತಿ, ಗಟ್ಟಿ ಗಾಡಿ, ಆದ್ರ ನಿಮ್ಮಿಬ್ಬರಿಗೆ ಅಷ್ಟು ದೊಡ್ಡದು ಯಾಕ?

ಮರತಿದ್ದೆ, ಒಣ ಡಾಂಬರಿನ ಮ್ಯಾಲೆ ನಾಕೂ ಗಾಲಿ ಹಾಕಬ್ಯಾಡ. ತಿರುವಿನ್ಯಾಗ ಮುಂದಿನ ಗಾಲಿ ಹಿಂದಿನಕ್ಕಿಂತ ಜಾಸ್ತಿ ಓಡ್ತಾವ, ಒಳಗ ಬಿಗದು ಗಿಯರ್ ತಿಂತೈತಿ. ಕೆಸರಾಗ ಹೂತ ಮ್ಯಾಲೆ ಅಲ್ಲ, ಇಳಿಯೋಕ್ಕಿಂತ ಮುಂಚೆ ಹಾಕು. ಲೇಹ್‌ನಾಗ ಎರಡು ದಿನ ಸುಮ್ನ ಮಲಗಿಸು ಆಕೀನ್ನ, ತಲಿ ನೋವು ಅಂದ್ರ ಮ್ಯಾಲೆ ಏರಬ್ಯಾಡ. ಹಗ್ಗ, ಸಲಿಕಿ, ಜಾಕಿನ ಕೆಳಗ ಇಡಾಕ ಒಂದು ಹಲಗಿ.

ಮತ್ತ, ದಾರ್ಯಾಗ ಆಕಿ ಏನರ ಕೇಳಿದ್ರ ಇದ್ದದ್ದನ್ನ ಹೇಳು. ಪೆಟ್ರೋಲ್ ಕಡಿಮಿ ಐತಿ ಅಂದ್ರ ಕಡಿಮಿ ಐತಿ ಅನ್ನು. ದಾರಿ ತಪ್ಪೀನಿ ಅಂದ್ರ ತಪ್ಪೀನಿ ಅನ್ನು. ಆಕಿ ಅಂಜೂದಿಲ್ಲ. ಅವತ್ತೂ ಅಂಜಿರ್ಲಿಲ್ಲ.

ಈ ಪತ್ರ ಆಕಿಗೆ ಓದಿ ಹೇಳಬೇಕೋ ಬ್ಯಾಡೋ ನನಗ ತಿಳೀವಲ್ದು. ಆ ಶಾಫ್ಟ್ ಇನ್ನೂ ಕೊಟ್ಟಿಗಿ ಮೂಲ್ಯಾಗ ತುಕ್ಕು ಹಿಡದು ಬಿದ್ದೈತಿ, ಗುಜರಿಯವನಿಗೆ ಹಾಕಾಕ ಮನಸ್ಸಾಗಿಲ್ಲ.

ಗಾಡಿ ಯಾವುದಾದ್ರೂ ತಗೋ. ತಗೊಂಡ ಮ್ಯಾಲೆ ಒಂದು ಮಳಿ ಬಿದ್ದಾಗ ಅವ್ವನ್ನ ಕೂಡಿಸ್ಕೊಂಡು ಇಲ್ಲಿಗೆ ಬಾ. ನಮ್ಮ ಎರಿ ಹೊಲಕ್ಕ ಇಳಿಸಿ ನೋಡೋಣ. ನೀನು ಲಿವರ್ ಹಾಕು, ಆಕಿ ಮುಂದ ಕೂಡ್ಲಿ. ನಾನು ಬದುವಿನ ಮ್ಯಾಲೆ ಕುಂತು ಮುಂದಿನ ಗಾಲಿ ತಿರುಗ್ತಾವೋ ಇಲ್ಲೋ ನೋಡಿ ಹೇಳ್ತೀನಿ.

ನಿಮ್ಮ ಮಾವ