ಆ ‘ಅನಾಥ’ ಪದ ತೆಗೆದುಬಿಡು, ಗೆಳೆಯಾ

ಪ್ರೀತಿಯ ಗೆಳೆಯಾ,

ನಿನ್ನ ಹೊಸ ದತ್ತು ಸಂಸ್ಥೆಯ ಪ್ರಚಾರಕ್ಕೆಂದು ನೀನು ಬರೆದು ಕಳಿಸಿದ ಮೂರೂ ಘೋಷಣೆಗಳನ್ನು ಓದಿದೆ. ಒಮ್ಮೆ ಕೇಳಿದರೆ ಬಾಯಲ್ಲಿ ಉಳಿಯುವ ಹಾಗಿವೆ. 15 ವರ್ಷ ಬೇರೆಯವರನ್ನು ಚುನಾವಣೆಯಲ್ಲಿ ಗೆಲ್ಲಿಸಿದವನು ನೀನು, ಕೈಚಳಕ ಎಲ್ಲಿ ಹೋಗುತ್ತದೆ? ಆದರೆ ‘ಅನಾಥ ಮಗುವಿಗೊಂದು ಮನೆ’ ಅನ್ನುವುದನ್ನು ಮಾತ್ರ ತೆಗೆದುಬಿಡು.

ರಾಜಕೀಯದ ಸಹವಾಸ ಬಿಟ್ಟು ದತ್ತು ವಿಷಯಕ್ಕೆ ಸಂಸ್ಥೆ ನಡೆಸುತ್ತೇನೆ ಅಂದಾಗ ನಾನು ನಕ್ಕಿದ್ದೆ. ನಿನಗೆ ಬೇಜಾರಾಗಿತ್ತು. ನಿಜ ಹೇಳಬೇಕೆಂದರೆ ಆ ನಗು ಹೆದರಿಕೆಯದ್ದು. ನಾನೇ ದತ್ತು ಬಂದವನು ಅಲ್ವಾ? ನಮ್ಮಂಥವರ ಬದುಕೂ ನಿನ್ನ ಪ್ರಚಾರದ ಸರಕಾಗುತ್ತದೇನೋ ಅನ್ನಿಸಿತ್ತು.

ಜಗತ್ತಿನ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಬಡತನ, ಕಾಯಿಲೆ, ಜನ ಏನಂದಾರು ಅನ್ನುವ ಭಯ, ಹೀಗೆ ಏನೋ ಒಂದು ಕಾರಣಕ್ಕೆ ಕೈಬಿಟ್ಟಿರುತ್ತಾರೆ. ‘ಅನಾಥ’ ಅಂದ ಕೂಡಲೇ ಆ ತಾಯಿ ಕಥೆಯಿಂದಲೇ ಮಾಯ. ಕೇಳುವವರಿಗೆ ಕಣ್ಣೀರು ಬರುತ್ತದೆ, ನಿನಗೆ ದೇಣಿಗೆ ಬರುತ್ತದೆ.

ಇದು ಸುಮ್ನೆ ಪದದ ಜಗಳ ಅಂದುಕೊಳ್ಳಬೇಡ. ದಕ್ಷಿಣ ಕೊರಿಯಾ ದಶಕಗಟ್ಟಲೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವಿದೇಶಕ್ಕೆ ದತ್ತು ಕಳಿಸಿತು. ಹೆತ್ತವರಿದ್ದ ಮಕ್ಕಳನ್ನೂ ಕಾಗದದಲ್ಲಿ ಅನಾಥರು ಅಂತ ಬರೆದು ಕಳಿಸಿದ್ದರು ಎಂದು ಅಲ್ಲಿನ ಸತ್ಯಶೋಧನಾ ಆಯೋಗವೇ 2025ರಲ್ಲಿ ಹೇಳಿತು. ಮಕ್ಕಳು ಬೇಕು ಅನ್ನುವವರು ಜಾಸ್ತಿಯಾದರೆ ಅನಾಥರು ತಯಾರಾಗುತ್ತಾರೆ ಕಣೋ. ವಿದೇಶಿ ದತ್ತು ಕುರಿತ 1993ರ ಹೇಗ್ ಒಪ್ಪಂದ ಬಂದದ್ದೇ ಇಂಥದ್ದನ್ನು ತಡೆಯಲಿಕ್ಕೆ. ಮೊದಲು ಹೆತ್ತವರ ಮನೆ, ಆಗದಿದ್ದರೆ ಅದೇ ದೇಶದಲ್ಲಿ ಇನ್ನೊಂದು ಮನೆ, ಕೊನೆಗೆ ವಿದೇಶ ಅನ್ನುವುದು ಅದರ ದಾರಿ.

ಹಾಗಂತ ಮಕ್ಕಳನ್ನು ಅನಾಥಾಲಯದಲ್ಲೇ ಬಿಡು ಅನ್ನುತ್ತಿಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಅನಾಥಾಲಯಗಳ 136 ಮಕ್ಕಳನ್ನು ಇಟ್ಟುಕೊಂಡು ಒಂದು ಅಧ್ಯಯನ ಶುರುವಾಯಿತು. ಅರ್ಧ ಮಕ್ಕಳಿಗೆ ಸಾಕುಮನೆ ಸಿಕ್ಕಿತು. ಅವರ ಬುದ್ಧಿ ಚುರುಕಾಯಿತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ಇನ್ನೂ ಚೆನ್ನಾಗಿ ಚೇತರಿಸಿಕೊಂಡರು. (ಉಳಿದರ್ಧ ಮಕ್ಕಳನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ.) ಮನೆ ಬೇಕು, ಬೇಗ ಬೇಕು. ಆದರೆ ಸುಳ್ಳಿನ ಮೇಲೆ ಕಟ್ಟಿದ್ದು ಬೇಡ.

ಇನ್ನು ನಿನ್ನ ಹಳೇ ವಿದ್ಯೆಯ ಮಾತು. ಹೇಗೂ ನಮಗೇ ಮತ ಹಾಕುವವರ ಮೇಲೆ ದುಡ್ಡು ಸುರಿಯಬೇಡಿ ಅಂತ ನಿನ್ನ ಹುಡುಗರಿಗೆ ಬೈಯುತ್ತಿದ್ದೆ, ನೆನಪಿದೆಯಾ? ಎಳೆ ಕೂಸು ಬೇಕು ಅನ್ನುವವರು ಆಗಲೇ ಸಾಲುಗಟ್ಟಿ ನಿಂತಿದ್ದಾರೆ. ಅವರಿಗೆ ನಿನ್ನ ಪೋಸ್ಟರ್ ಯಾಕೆ? ಎಂಟು ವರ್ಷದ ಹುಡುಗ, ಒಬ್ಬರನ್ನೊಬ್ಬರು ಬಿಟ್ಟಿರದ ಅಕ್ಕ-ತಮ್ಮ, ಕಿವಿ ಕೇಳದ ಮಗು, ಇವರ ಮುಂದೆ ಸಾಲೇ ಇಲ್ಲ. ‘ನಮ್ಮಿಂದ ಆಗುತ್ತಾ?’ ಅಂತ ಅನುಮಾನಿಸುವ ದಂಪತಿಗಳನ್ನು ಹುಡುಕು. ವೇದಿಕೆ ಬೇಡ, ಮನೆಬಾಗಿಲಿಗೆ ಹೋಗು. ಫಲಿತಾಂಶ ಬಂದ ಮರುದಿನ ಶಾಮಿಯಾನ ಬಿಚ್ಚುವ ಚಾಳಿಯನ್ನೂ ಬಿಡು. ಮಗು ಬಂದು ಆರು ತಿಂಗಳ ಮೇಲೆ ಒಂದು ರಾತ್ರಿ ‘ನೀನು ನನ್ನ ಅಮ್ಮ ಅಲ್ಲ’ ಅಂತ ಕಿರುಚುತ್ತದೆ. ಆಗ ಫೋನ್ ಎತ್ತುವವರು ನಿನ್ನ ಸಂಸ್ಥೆಯಲ್ಲಿ ಇರಬೇಕು.

ಹಾಗೆ ಕಿರುಚಿದವನು ನಾನೇ. ಆರು ವರ್ಷದವನಾಗಿದ್ದಾಗ ಈ ಮನೆಗೆ ಬಂದೆ. ನನ್ನ ಕಡತದಲ್ಲಿದ್ದದ್ದು ಒಂದೇ ಸಾಲು: ‘ಹೆತ್ತವರ ಪತ್ತೆ ಇಲ್ಲ.’ ಅಮ್ಮ ಏನನ್ನೂ ಮುಚ್ಚಿಡಲಿಲ್ಲ. ಪ್ರತಿ ಹುಟ್ಟುಹಬ್ಬದ ರಾತ್ರಿ, ದೀಪ ಆರಿಸುವ ಮುಂಚೆ, ‘ಹೆತ್ತವಳಿಗೂ ಇವತ್ತು ನಿನ್ನ ನೆನಪಾಗಿರುತ್ತದೆ’ ಅನ್ನುತ್ತಿದ್ದಳು. ಈಗಲೂ ಅನ್ನುತ್ತಾಳೆ, ನನಗೆ ತಲೆ ನರೆಯುತ್ತಿದ್ದರೂ.

ಹೊಸದು ಬರೆದರೆ ಕಳಿಸು. ಈ ಸಲ ಅಮ್ಮನಿಗೂ ಓದಿ ಹೇಳುತ್ತೇನೆ.

ನಿನ್ನ ಗೆಳೆಯ