ಜೈಲಿನಲ್ಲಿ ಎಲ್ಲರಿಗೂ ಒಂದೇ ಪಾಠ ಸಾಲದು

ಮಾನ್ಯರೇ,

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುದ್ದಿ ಬಂದಾಗಲೆಲ್ಲ ದಾವಣಗೆರೆಯ ಜಯದೇವ ಸರ್ಕಲ್‌ನಲ್ಲಿ ಸೇರಿ 'ಗಲ್ಲಿಗೇರಿಸಿ' ಎಂದು ಕೂಗುತ್ತೇವೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಶಿಕ್ಷೆಯಾದವರಲ್ಲಿ ಹೆಚ್ಚಿನವರು ಹತ್ತೋ ಇಪ್ಪತ್ತೋ ವರ್ಷಕ್ಕೆ ಹೊರಗೆ ಬರುತ್ತಾರೆ. ಹರಿಹರದಲ್ಲೋ ಜಗಳೂರಿನಲ್ಲೋ ನಮ್ಮ ನಡುವೆಯೇ ಇರುತ್ತಾರೆ. ಅಷ್ಟು ವರ್ಷ ಒಳಗೆ ಏನು ಕಲಿತರು ಅಂತ ಯಾರೂ ಕೇಳಲ್ಲ. ಹೊಲಿಗೆ, ಬಡಗಿ ಕೆಲಸ, ಯೋಗ ಎಲ್ಲ ಇರಲಿ. ಹೊಲಿಗೆ ಕಲಿತ ಮಾತ್ರಕ್ಕೆ ಮಕ್ಕಳ ಮೇಲೆ ಕೈ ಹಾಕುವ ಚಾಳಿ ಹೋಗುತ್ತಾ?

ಹಾಗಂತ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕೌನ್ಸೆಲಿಂಗ್ ಮಾಡಿಸಿದರೂ ಆಗದು. ಇಂಗ್ಲೆಂಡಿನ ಜೈಲುಗಳಲ್ಲಿ 1990ರ ದಶಕದಿಂದ ಇಂಥ ಗುಂಪು ತರಗತಿ ನಡೆಯುತ್ತಿತ್ತು. 2017ರಲ್ಲಿ ಅಲ್ಲಿನ ನ್ಯಾಯ ಇಲಾಖೆಯೇ ಅದರ ಲೆಕ್ಕ ಬಹಿರಂಗ ಮಾಡಿತು. ತರಗತಿಗೆ ಕೂತವರಲ್ಲಿ ನೂರಕ್ಕೆ 10 ಮಂದಿ ಮತ್ತೆ ಲೈಂಗಿಕ ಅಪರಾಧ ಮಾಡಿದ್ದರು. ಕೂರದೇ ಇದ್ದ ಅಂಥದೇ ಕೈದಿಗಳಲ್ಲಿ 8 ಮಂದಿ! ಕೊನೆಗೆ ಆ ತರಗತಿಯನ್ನೇ ಕೈಬಿಟ್ಟರು.

17ರ ಹುಡುಗಿಯನ್ನು ಪ್ರೀತಿಸಿ, ಅವಳ ಜೊತೆ ಓಡಿಹೋಗಿ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಕೇಸಿನಲ್ಲಿ ಒಳಗೆ ಹೋದ ಹುಡುಗನೂ, ಮನೆಯ ಮಗುವನ್ನೇ ವರ್ಷಗಟ್ಟಲೆ ಕಾಡಿದ ಚಿಕ್ಕಪ್ಪನೂ ಒಂದೇನಾ? ಯಾರು ಮತ್ತೆ ತಪ್ಪು ಮಾಡುವ ಅಪಾಯ ಜಾಸ್ತಿ ಎಂದು ಮೊದಲು ಅಳೆಯಬೇಕು, ಅಂಥವರ ಮೇಲೆ ಹೆಚ್ಚು ಶ್ರಮ ಹಾಕಬೇಕು, ಪಾಠ ಅವರ ತಲೆಗೆ ಹತ್ತುವಂತಿರಬೇಕು ಎಂದು ಕೆನಡಾದ ಮನಶ್ಶಾಸ್ತ್ರಜ್ಞರು 1990ರಲ್ಲೇ ಹೇಳಿದ್ದಾರೆ. ಅಪಾಯ ಕಡಿಮೆ ಇರುವವರನ್ನು ಅಪರಾಧದಲ್ಲಿ ಪಳಗಿದವರ ಜೊತೆ ಕೂರಿಸಿದರೆ ಅವರೂ ಕೆಡಬಹುದು ಅನ್ನುವುದೂ ಅದರಲ್ಲಿದೆ.

ಇದಕ್ಕೆಲ್ಲ ಜನ ಎಲ್ಲಿದ್ದಾರೆ ಅಂತೀರಾ? ಈಗ ದೇಶದ ತುಂಬ ಹರಡಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ಮಾಡಿ ನೋಡಿದ್ದು ಹತ್ತಿರದ ಬಳ್ಳಾರಿಯಲ್ಲಿ. ದಾವಣಗೆರೆಯಲ್ಲೇ ಎರಡು ಮೆಡಿಕಲ್ ಕಾಲೇಜುಗಳಿವೆ. ಅಲ್ಲಿನ ತಜ್ಞರ ನೆರವು ಪಡೆದು ಶಿವಮೊಗ್ಗ, ಬಳ್ಳಾರಿಯ ಕೇಂದ್ರ ಕಾರಾಗೃಹಗಳಿಂದಲೇ ಶುರು ಮಾಡಲಿ.

ಶಿಕ್ಷೆ ಕಡಿಮೆ ಮಾಡಿ ಎನ್ನುತ್ತಿಲ್ಲ. ನೊಂದವರ ಪರಿಹಾರದ ಹಣದಲ್ಲಿ ಒಂದು ರೂಪಾಯಿಯನ್ನೂ ಇದಕ್ಕೆ ಮುಟ್ಟಬಾರದು. ಅತ್ಯಾಚಾರದ ಆರೋಪಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಪರಿಚಿತರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ಹಲವು ವರ್ಷಗಳಿಂದ ಹೇಳುತ್ತಿದೆ. ಅಂದರೆ ಬಿಡುಗಡೆಯಾದವನು ಅದೇ ಓಣಿಗೆ, ಕೆಲವೊಮ್ಮೆ ಅದೇ ಮನೆಗೆ ವಾಪಸ್ ಬರುತ್ತಾನೆ. ಅವನು ಎಲ್ಲಿರುತ್ತಾನೆ, ಯಾರು ಕಣ್ಣಿಡುತ್ತಾರೆ ಎಂಬುದು ಬಿಡುಗಡೆಗೆ ಮೊದಲೇ ತೀರ್ಮಾನವಾಗಲಿ. ನೊಂದ ಮಗುವಿನ ಮನೆಯವರಿಗೂ ಮುಂಚೆಯೇ ತಿಳಿಸಲಿ.

– ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ