ನೀನು ಬಂದರೆ ನಿಲ್ಲುವ ಮಾತು

ಕಲಬುರಗಿ

ಪ್ರೀತಿಯ ಭಾಗ್ಯಾಗೆ ಚಿಗವ್ವನ ಆಶೀರ್ವಾದ.

ನೀನು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆದೆ ಅಂತ ನಿನ್ನ ಕಾಗದದಲ್ಲಿ ಓದಿ ಖುಷಿಯಾಯ್ತು. ಆದರೆ ತಲೆಯಲ್ಲಿ ಕೂತದ್ದು ಕೊನೆಯ ಸಾಲು. "ನಾನು ಡ್ಯೂಟಿ ರೂಮಿಗೆ ಕಾಲಿಟ್ಟರೆ ಹುಡುಗಿಯರ ಮಾತು ನಿಂತುಬಿಡುತ್ತದೆ ಚಿಗವ್ವಾ." ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ.

ನಿನ್ನನ್ನು ಆಡಿಕೊಳ್ಳುತ್ತಿದ್ದರೆ ಬಿಡು. ಮೇಲಿನವರನ್ನು ಆಡಿಕೊಳ್ಳದ ವಾರ್ಡ್ ನಾನು ನೋಡಿಲ್ಲ. ರೋಗಿಯ ವಿಷಯ ಮುಚ್ಚಿಡುತ್ತಿದ್ದರೆ?

ನಾನು ಮೊದಲು ಸೇರಿದ ಕಡೆ ಪಾದರಸದ ಥರ್ಮಾಮೀಟರ್ ಒಡೆದರೆ ಸಂಬಳದಲ್ಲಿ ದುಡ್ಡು ಮುರಿಯುತ್ತಿದ್ದರು. ಮೇಲಿಂದ ಎಲ್ಲರೆದುರು ಬೈಗುಳ. ಹಾಗಾಗಿ ಒಡೆದದ್ದು ಹತ್ತಿಯಲ್ಲಿ ಸುತ್ತಿಕೊಂಡು ಕಿಟಕಿಯಾಚೆ ಹೋಗುತ್ತಿತ್ತು. ಉಳಿದ ಒಂದೇ ಇಡೀ ವಾರ್ಡ್ ಸುತ್ತಬೇಕು. ಹೊತ್ತಾಯಿತೆಂದರೆ ಹಣೆ ಮುಟ್ಟಿ ನೋಡಿ ಚಾರ್ಟಿನಲ್ಲಿ 98.4 ಬರೆಯುವುದು. ನಮ್ಮ ಇನ್‌ಚಾರ್ಜ್ ಸಿಸ್ಟರ್ ಕೆಟ್ಟವರಲ್ಲ. ಇಂಡೆಂಟ್, ಸ್ಟಾಕ್, ಡ್ಯೂಟಿ ಲಿಸ್ಟ್, ಯಾವುದರಲ್ಲೂ ಒಂದು ಕಾಟು ಇರುತ್ತಿರಲಿಲ್ಲ. ವಾರ್ಡ್‌ನಲ್ಲಿ ಏನು ನಡೆಯುತ್ತಿದೆ ಅನ್ನುವುದೊಂದು ಬಿಟ್ಟು ಎಲ್ಲ ಗೊತ್ತಿತ್ತು ಅವರಿಗೆ.

ಹಾಗಂತ ರಜಿಸ್ಟರನ್ನು ಹಗುರ ಮಾಡಬೇಡ. 1854ರಲ್ಲಿ ಟರ್ಕಿಯ ಸ್ಕುಟಾರಿಯ ಯುದ್ಧದ ಆಸ್ಪತ್ರೆಗೆ ಹೋದ ನರ್ಸ್ ನೈಟಿಂಗೇಲ್ ಅಂಗಿ, ಸಾಬೂನು, ಅಡಿಗೆ ಸಾಮಾನಿಗೂ ಓಡಾಡಿದ್ದಾಕೆ. ಪಾಠದಲ್ಲಿ ಬರೀ ದೀಪ ಬಂತು, ಲೆಕ್ಕ ಬರಲಿಲ್ಲ. ಲೆಕ್ಕವಿಲ್ಲದೆ ವಾರ್ಡ್ ನಡೆಯುವುದಿಲ್ಲ. ಆದರೆ ಹುಡುಗಿ ತಾನಾಗಿ ಬಂದು "ಅಕ್ಕಾ, ತಪ್ಪಾಯ್ತು" ಅನ್ನಬೇಕಲ್ಲ, ಅದು ಲಿಸ್ಟ್ ಹಾಕಿದರೆ ಆಗುವ ಕೆಲಸವಲ್ಲ.

ನನಗೂ ಆ ಕುರ್ಚಿ ಬಂದಿತ್ತು. ಯಾಕೆ ಬೇಡ ಅಂದೆ ಅಂತ ನಿನಗೆ ಗೊತ್ತೇ ಇದೆ. ಕೂತಿದ್ದರೆ ಆ ದುಡ್ಡು ಮುರಿಯುವುದನ್ನಾದರೂ ನಿಲ್ಲಿಸಬಹುದಿತ್ತೇನೋ ಅಂತ ಈಗಲೂ ಅನ್ನಿಸುತ್ತದೆ. ಕೂರದವಳು ನಿನಗೇನು ಬುದ್ಧಿ ಹೇಳಲಿ?

ಆದರೂ ಮನಸ್ಸು ತಡೆಯದು. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು, ಆ ಪುಟ್ಟ ಗಾಜಿನ ಔಷಧ ಸೀಸೆಯನ್ನು, ಉಳಿದವುಗಳ ಜೊತೆ ಒಂದೇ ಟ್ರೇಯಲ್ಲಿ ಇಡಿಸಬೇಡ. ಸಲೈನಿಗೆ ಬೆರೆಸದೆ ನೇರ ರಕ್ತನಾಳಕ್ಕೆ ಹೋದರೆ ಹೃದಯವೇ ನಿಲ್ಲಬಹುದು, ನಿನಗೇನು ಹೊಸದಲ್ಲ. ಒಬ್ಬಳು ಅವಸರದಲ್ಲಿ ಅದನ್ನೇ ಕೈಗೆತ್ತಿಕೊಂಡಳು, ಒಡೆಯುವ ಮುಂಚೆ ಲೇಬಲ್ ನೋಡಿ ವಾಪಸ್ ಇಟ್ಟಳು ಅಂತಿಟ್ಟುಕೋ. ಯಾರಿಗೂ ಏನೂ ಆಗಲಿಲ್ಲ. ಅದನ್ನು ಬಂದು ನಿನಗೆ ಹೇಳುತ್ತಾಳಾ? ಹೇಳಿದರೆ ಟ್ರೇ ಬದಲಾಗುತ್ತದೆ. ಸುಮ್ಮನಿದ್ದರೆ ನಾಳೆ ರಾತ್ರಿ ಇನ್ನೊಬ್ಬಳ ಕೈಗೆ ಅದೇ ಸಿಗುತ್ತದೆ. ನನಗೆ ಹೆದರಿಕೆ ಇರುವುದು ಇದಕ್ಕೇ.

ಹಾಗೆ ಹೇಳಲು ಬಂದವಳಿಗೆ ಮೆಮೊ ಕೊಡಬೇಡ. ಕೂರಿಸಿ, ಪೂರ್ತಿ ಕೇಳು. ಆಗೊಮ್ಮೆ ಈಗೊಮ್ಮೆ ನೀನೂ ನೈಟ್ ಮಾಡು ಅನ್ನೋಣ ಅಂದುಕೊಂಡೆ, ನಿನ್ನ ಮೊಣಕಾಲು ನೆನಪಾಗಿ ಸುಮ್ಮನಾದೆ.

ಬೇಸಿಗೆ ಶುರುವಾದರೆ ಯಾದಗಿರಿಯಲ್ಲಿ ವಾಂತಿ-ಭೇದಿ ಕೇಸುಗಳು ತುಂಬುತ್ತವೆ, ಆಗ ಯಾರಿಗೂ ಮಾತಿಗೆ ಪುರಸೊತ್ತಿರದು. ಅದಕ್ಕೂ ಮುಂಚೆ ಹುಡುಗಿಯರನ್ನೇ ಕರೆದು ಆ ಟ್ರೇ ಜೋಡಿಸು. ಯಾವ ಆಂಪೂಲ್ ನೋಡಿದರೆ ಗೊಂದಲ ಆಗುತ್ತದೆ ಅಂತ ಕೇಳು. ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡ, ನಿನಗದು ಜಾಸ್ತಿ. ಏನಂದರು ಅಂತ ನನಗೆ ಬರೆ.

ನಿನ್ನ
ಚಿಗವ್ವ